ಶೃಂಗಲಾಂಛನವೂ ಅರ್ಥನಿರ್ಣಯವೂ

ಅಹಂಕಾರದಿಂದ ಮೆರೆಯುವವನನ್ನು ಕಂಡು "ಇವನಿಗೇನು ಎರಡು ಕೊಂಬು ಮೂಡಿವೆಯೆ?" ಎಂದು ಕೇಳುವ ವಾಡಿಕೆ ಕನ್ನಡನಾಡಿನಲ್ಲೆಲ್ಲ ಉಂಟು. ಕೊಂಬುಳ್ಳವನು ಮನುಷ್ಯಮಾತ್ರನಲ್ಲ, ಇತರರಿಗಿಂತ ಮೇಲಾದವನು ಎಂಬ ಭಾವವು ಈ ಪರಿಹಾಸದಲ್ಲಿ ಅಡಗಿರುವುದು. ಇಂದು ಹಾಸ್ಯಕ್ಕಾಗಿ ಉಳಿದಿರುವ ಈ ಭಾವವು ಪ್ರಾಚೀನ ಜನಾಂಗಗಳಲ್ಲಿ ಗಂಭೀರವಾದ ನಂಬುಗೆಯಾಗಿದ್ದಿತು. ವೃಷಭ, ಮಹಿಷ, ಮೇಷಗಳ ಬಲವು ಕೊಂಬಿನಲ್ಲಿ ಪ್ರತ್ಯಕ್ಷವಾಗಿ ಕಾಣುವುದರಿಂದ ಅದು ಶಕ್ತಿಗೆ ಚಿಹ್ನೆಯಾದುದು ಸಹಜವೇ ಸರಿ. ಆದರೆ ಚಿಹ್ನೆಯು ತಾನಾಗಿ ಮಾತನಾಡದು. ಅದರ ಅರ್ಥವನ್ನು ಹೇಳುವವನು ವ್ಯಾಖ್ಯಾನಕಾರನು. ಆತನ ಹೊಣೆ ಎಷ್ಟು ದೊಡ್ಡದೆಂಬುದನ್ನು ಶೃಂಗದ ಇತಿಹಾಸವು ಚೆನ್ನಾಗಿ ತಿಳಿಸುವುದು.

ಟೈಗ್ರಿಸ್ ಮತ್ತು ಯೂಫ್ರಟೀಸ್ ನದಿಗಳ ನಡುವಣ ಮೆಸೊಪೊಟೇಮಿಯ ದೇಶದ ಶಿಲ್ಪಗಳಲ್ಲಿ ಶೃಂಗಕಿರೀಟವು ದೇವತೆಗಳ ಲಕ್ಷಣವು. ಮಹಾದೇವತೆಗಳ ಕಿರೀಟಕ್ಕೆ ಹಲವು ಜೊತೆ ಕೊಂಬುಗಳುಂಟು. ಕ್ರಿ. ಪೂ. 23ನೆಯ ಶತಮಾನದಲ್ಲಿ ಅಕ್ಕಾದದ ಅರಸನಾದ ನರಾಮ್‌ಸಿನ್ ಎಂಬವನು ಲುಲ್ಲುಬಿ ಎಂಬ ಗಿರಿಜನರನ್ನು ಜಯಿಸಿ ನಿಲ್ಲಿಸಿದ ವಿಜಯಶಿಲೆಯಲ್ಲಿ ತನ್ನ ಶಿರಸ್ತ್ರಾಣಕ್ಕೆ ಕೊಂಬುಗಳನ್ನು ಕಡೆಯಿಸಿಕೊಂಡನು. ಸೈನಿಕರಿಗಿಂತ ಎತ್ತರವಾದ ದೇಹದಿಂದ ಪರ್ವತವನ್ನೇರುತ್ತಿರುವ ಆ ದೊರೆಯು, ತಾನು ಜೀವಿಸಿರುವಾಗಲೇ ದೇವನೆಂದು ಸಾರಿಕೊಂಡುದಕ್ಕೆ ಆ ಕೊಂಬುಗಳೇ ಸಾಕ್ಷಿ. ಸುಮಾರು ಸಾವಿರ ವರ್ಷಗಳ ಮೇಲೆ ಏಲಾಮಿನ ಅರಸನು ಆ ಶಿಲೆಯನ್ನೇ ಸೂಸಾ ನಗರಕ್ಕೆ ಕೊಳ್ಳೆಯಾಗಿ ಹೊತ್ತುಕೊಂಡು ಹೋದನು. 1898ರಲ್ಲಿ ಫ್ರೆಂಚರು ಅದನ್ನು ಅಲ್ಲಿ ಅಗೆದು ತೆಗೆದರು. ಈಗ ಅದು ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ.

ಅಕ್ಕಾದದ ಶಿಲೆಗೆ ಅದರ ಮೇಲಣ ಬರಹವು ಬೆಂಬಲವಾಗಿದೆ. ಸಿಂಧೂ ಕಣಿವೆಯ ಶೃಂಗಧಾರಿಗೆ ಆ ಭಾಗ್ಯವಿಲ್ಲ. ಮೊಹೆಂಜೊದಾರೊವಿನಲ್ಲಿ 1928–29ರಲ್ಲಿ ದೊರೆತ ಸಣ್ಣ ಮುದ್ರೆಯೊಂದರಲ್ಲಿ ಮಹಿಷಶೃಂಗಗಳನ್ನು ಧರಿಸಿ ಆಸನಸ್ಥನಾದ ವ್ಯಕ್ತಿಯಿರುವನು. ಸುತ್ತಲೂ ಆನೆ, ಹುಲಿ, ಖಡ್ಗಮೃಗ, ಕೋಣಗಳಿವೆ. ಸರ್ ಜಾನ್ ಮಾರ್ಷಲ್ಲರು 1931ರಲ್ಲಿ ಇವನನ್ನು ಶಿವನ ಪೂರ್ವರೂಪವೆಂದೂ ಪಶುಪತಿಯೆಂದೂ ನಿರ್ಣಯಿಸಿದರು. ಮುಂದಿನ ವಿದ್ವಾಂಸರಲ್ಲಿ ಅನೇಕರು ಇದನ್ನೊಪ್ಪದೆ, ಮಹಿಷರೂಪದ ಬೇರೊಂದು ದೇವತೆಯೆಂದು ವಾದಿಸಿದರು. ಮುದ್ರೆಯ ಲಿಪಿಯನ್ನು ಓದಲು ಇನ್ನೂ ಸಾಧ್ಯವಾಗಿಲ್ಲ. ಆದುದರಿಂದ ಕೊಂಬು ಕಣ್ಣಿಗೆ ಕಾಣುವ ವಸ್ತು. ಪಶುಪತಿಯೆಂಬ ಹೆಸರು ಊಹೆ.

ವ್ಯಾಖ್ಯಾನವು ಹೇಗಿರಬೇಕೆಂಬುದಕ್ಕೆ ವೇದದಲ್ಲಿಯೇ ಉತ್ತಮವಾದ ನಿದರ್ಶನವುಂಟು. ಋಗ್ವೇದದ 4ನೆಯ ಮಂಡಲದ 58ನೆಯ ಸೂಕ್ತದಲ್ಲಿ ನಾಲ್ಕು ಕೊಂಬು, ಮೂರು ಕಾಲು, ಎರಡು ತಲೆ, ಏಳು ಕೈಗಳುಳ್ಳ ವೃಷಭವೊಂದರ ವರ್ಣನೆಯಿದೆ. ನಿರುಕ್ತದಲ್ಲಿ ಇದು ಯಜ್ಞಪರವಾಗಿದೆ: ಕೊಂಬುಗಳು ನಾಲ್ಕು ವೇದಗಳು, ಕಾಲುಗಳು ಮೂರು ಸವನಗಳು, ಕೈಗಳು ಏಳು ಛಂದಸ್ಸುಗಳು. ಮಹಾಭಾಷ್ಯಕಾರನಾದ ಪತಂಜಲಿಗೆ ಅದೇ ವೃಷಭವು ಶಬ್ದಬ್ರಹ್ಮವು: ನಾಮ, ಆಖ್ಯಾತ, ಉಪಸರ್ಗ, ನಿಪಾತಗಳೇ ಕೊಂಬುಗಳು, ಭೂತ, ಭವಿಷ್ಯತ್, ವರ್ತಮಾನಗಳೇ ಕಾಲುಗಳು, ಏಳು ವಿಭಕ್ತಿಗಳೇ ಕೈಗಳು. ಬಾಹುಬಲದ ಗುರುತಾಗಿದ್ದ ಶೃಂಗವು ಇಲ್ಲಿ ವಾಕ್ಕಿನ ಗುರುತಾಯಿತು. ಅರ್ಥಗಳೆರಡಾದರೂ ಎರಡರಲ್ಲಿಯೂ ಮಂತ್ರದ ಯಾವ ಅವಯವವನ್ನೂ ಬಿಟ್ಟಿಲ್ಲ.

ಶೃಂಗವು ತಪಸ್ಸಿನ ಗುರುತೂ ಆದುದನ್ನು ಋಷ್ಯಶೃಂಗನ ಕಥೆಯಲ್ಲಿ ಕಾಣಬಹುದು. ಜಿಂಕೆಯ ಗರ್ಭದಲ್ಲಿ ಜನಿಸಿ ತಲೆಯಲ್ಲಿ ಕೊಂಬನ್ನು ಪಡೆದ ಈ ಮುನಿಯು ಅಂಗದೇಶಕ್ಕೆ ಕಾಲಿಟ್ಟೊಡನೆ ಮಳೆ ಸುರಿಯಿತೆಂದು ಮಹಾಭಾರತವು ಹೇಳುವುದು. ಶೃಂಗೇರಿಯ ಹೆಸರು ಇವನಿಂದಲೇ ಬಂದುದೆಂದು ಐತಿಹ್ಯವು. ಸಮೀಪದ ಕಿಗ್ಗದ ದೇವಾಲಯದಲ್ಲಿ ಮಳೆಗಾಗಿ ಜನರು ಇಂದಿಗೂ ಪ್ರಾರ್ಥಿಸುವರು.

ಇನ್ನು ವ್ಯಾಖ್ಯಾನದೋಷವು ಮನುಷ್ಯರನ್ನು ಬಾಧಿಸಿದ ಸಂದರ್ಭವೊಂದು ಪಾಶ್ಚಾತ್ಯರ ಇತಿಹಾಸದಲ್ಲಿದೆ. ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿ ಮೋಶೆಯು ಸೀನಾಯಿ ಪರ್ವತದಿಂದಿಳಿದಾಗ ಅವನ ಮುಖವು ಪ್ರಕಾಶಿಸಿತೆಂದಿದೆ. ಅಲ್ಲಿಯ ಹೀಬ್ರೂ ಕ್ರಿಯಾಪದವೂ ಕೊಂಬೆಂಬ ಅರ್ಥದ ನಾಮಪದವೂ ಒಂದೇ ಧಾತುವಿನವು. ಕ್ರಿ. ಶ. 400ರ ಸುಮಾರಿನಲ್ಲಿ ಲ್ಯಾಟಿನ್ ಅನುವಾದವನ್ನು ಮಾಡಿದ ಜೆರೋಮನು ಮುಖವು ಶೃಂಗಯುಕ್ತವಾಯಿತೆಂದು ಬರೆದನು. ಮಹಿಮೆಯೇ ಅವನ ತಾತ್ಪರ್ಯವಾಗಿದ್ದಿರಬಹುದು. ಆದರೆ ಚಿತ್ರಕಾರರು ಅಕ್ಷರಾರ್ಥವನ್ನೇ ಹಿಡಿದು ಮೋಶೆಗೆ ಕೊಂಬುಗಳನ್ನು ಬರೆದರು. ರೋಮಿನಲ್ಲಿರುವ, ಮೈಕೆಲೇಂಜೆಲೊ ಕಡೆದ ಪ್ರಸಿದ್ಧವಾದ ಮೂರ್ತಿಗೂ ಕೊಂಬುಗಳಿವೆ. ಅಷ್ಟರಲ್ಲಿ ಯೂರೋಪಿನಲ್ಲಿ ಕೊಂಬು ಸೈತಾನನ ಲಾಂಛನವೂ ಆಗಿದ್ದಿತು. ಪ್ರವಾದಿಗೆ ಗೌರವವಾಗಿದ್ದುದು ಅವನ ಜನರಿಗೆ ಅಪವಾದವಾಯಿತು; ಯೆಹೂದ್ಯರಿಗೆ ಕೊಂಬುಗಳಿವೆಯೆಂದು ಪಾಮರರು ನಂಬಿದರು. 1267ರಲ್ಲಿ ವಿಯೆನ್ನದಲ್ಲಿ ಸೇರಿದ ಕ್ರೈಸ್ತ ಧರ್ಮಸಭೆಯು ಯೆಹೂದ್ಯರು ಕೊಂಬಿನಾಕಾರದ ಟೋಪಿಯನ್ನೇ ಧರಿಸಬೇಕೆಂದು ವಿಧಿಸಿತು.

ಇಲ್ಲದ ವಸ್ತುವಿಗೆ ಶಾಸ್ತ್ರಕಾರರು ಕೊಡುವ ದೃಷ್ಟಾಂತವು ಶಶಶೃಂಗ, ಎಂದರೆ ಮೊಲದ ಕೊಂಬು. ಮೊಲದ ಕೊಂಬಿನಿಂದ ಯಾರಿಗೂ ಗಾಯವಾಗದು. ಆದರೆ ಮನುಷ್ಯರ ತಲೆಯ ಮೇಲೆ ಮನುಷ್ಯರೇ ಕಲ್ಪಿಸಿದ ಇಲ್ಲದ ಕೊಂಬು ಒಂದು ಜನಾಂಗವನ್ನೇ ಶತಮಾನಗಳವರೆಗೆ ನೋಯಿಸಿತು. ಲಾಂಛನಗಳಿಗೆ ಅರ್ಥವನ್ನು ಹೇಳಹೊರಡುವವರು, ಮೂಲಶಬ್ದವನ್ನು ಶೋಧಿಸಿ, ಕಂಡುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ಇಟ್ಟು, ಆಮೇಲೆ ಬಾಯ್ದೆರೆಯುವುದು ಯುಕ್ತವು.