ಮೂರು ತಾಲೂಕು, ಮೂರು ಬ್ಯಾಟ್ರಿ

ನಮ್ಮ ಕಡೀ ಟಾರ್ಚಿಗೆ ಟಾರ್ಚ್ ಅನ್ನೋರು ಕಮ್ಮಿ. ಬ್ಯಾಟ್ರಿ ಅಂತಾರ. ಒಳಗ ಹಾಕೋದು ಸೆಲ್, ಕೈಯಾಗ ಹಿಡಿಯೋದು ಬ್ಯಾಟ್ರಿ. ಬೆಂಗಳೂರಿಂದ ಬಂದ ಮೊಮ್ಮಗ "ಆಯಿ, ಬ್ಯಾಟ್ರಿ ಅಂದ್ರ ಒಳಗಿಂದು" ಅಂತ ತಿದ್ದಲಿಕ್ಕೆ ನೋಡಿದ. "ಇರಲಿ ತಗೋಪಾ, ಹೊತ್ತಿಗೆ ಹತ್ತಿದ್ರ ಸಾಕು" ಅಂದೆ. ಹೊತ್ತಿಗೆ ಹತ್ತೋ ಮಾತೇ ಇವತ್ತು ಬರೀಲಿಕ್ಕತ್ತೀನಿ.

ನನ್ನ ತವರು ಆಳಂದ ತಾಲೂಕು, ಕೊಟ್ಟದ್ದು ಅಫಜಲಪುರ ತಾಲೂಕಿಗೆ, ನಾ ಮಗಳ್ನ ಕೊಟ್ಟದ್ದು ಜೇವರ್ಗಿ ಕಡೀ. ಮೂರೂ ಕಡೀ ಒಂದೊಂದು ಬ್ಯಾಟ್ರಿದು ಒಂದೊಂದು ಕಥಿ ಅದ.

ಮೊದಲಿಂದು ಆಳಂದದ್ದು, ನಮ್ಮ ಮುತ್ಯಾಂದು. ಹಿತ್ತಾಳಿ ಮೈ, ಮ್ಯಾಲ ಬೆಳ್ಳನ ಮೆರುಗು, ಮೂರು ದಪ್ಪ ಸೆಲ್ ಹಿಡಿಸೋ ಉದ್ದ. ಮುಂದಿನ ತಲಿ ತಿರುವಿದ್ರ ಬೆಳಕು ಅಗಲ ಆಗ್ತಿತ್ತು, ಇಲ್ಲಾ ಒಂದೇ ಕಡೀ ಚೂಪ ಆಗ್ತಿತ್ತು. ಹಿಂದಿನ ಮುಚ್ಚಳ ತೆಗೆದ್ರ ಸ್ಪ್ರಿಂಗಿನ ನಡುವ ಒಂದು ಹೆಚ್ಚಿನ ಬಲ್ಬ್ ಇಡಲಿಕ್ಕೆ ಜಾಗಾ. ಬಲ್ಬ್ ಹೋತು ಅಂದ್ರ ಕತ್ತಲದಾಗೇ ಬೆರಳಿಂದ ಬದಲಿ ಮಾಡಬಹುದಿತ್ತು. ಅದರಾಗ ಬಿಚ್ಚಲಿಕ್ಕೆ ಬರಲಾರದ್ದು ಅಂತ ಏನೂ ಇರಲಿಲ್ಲ.

ಈ ಸಾಮಾನು ಹುಟ್ಟಿದ್ದು ದೂರದಾಗ. ಡೇವಿಡ್ ಮಿಸೆಲ್ ಅನ್ನೋ ಇಂಗ್ಲೆಂಡಿನವ ಅಮೇರಿಕಾದಾಗ ಇದ್ದಾಗ, 1899ರ ಜನವರಿ 10ಕ್ಕ ಇದರ ಪೇಟೆಂಟ್ ಪಡೆದ. ಅದು ಕಾನ್ರಾಡ್ ಹ್ಯೂಬರ್ಟನ ಕಂಪನಿಗೆ ಹೋತು. ಆ ಕಂಪನಿಯ ಮಾಲಿಗೆ ಮುಂದ ಬಂದ ಹೆಸರೇ ಎವರೆಡಿ. ಮೊದಲಿನ ಆ ಬ್ಯಾಟ್ರಿ ಒಂದು ಕಾಗದದ ಕೊಳವಿ. ಒಳಗ ಸಾಲಾಗಿ ಸೆಲ್, ಮುಂದ ಸಣ್ಣ ಬಲ್ಬ್, ಹಿಂದ ಹಿತ್ತಾಳಿ ತಾಟು. ಆಗಿನ ಸೆಲ್ಲಿಗೆ ದಮ್ಮಿರಲಿಲ್ಲ, ಬಲ್ಬಿನ ತಂತೀನೂ ಕರೆಂಟ್ ಭಾಳ ತಿಂತಿತ್ತು. ಹಿಂಗಾಗಿ ಒಂದು ಕ್ಷಣ ಮಿಂಚಿಸಿ ಬಿಡಬೇಕಿತ್ತು. ಅದಕ್ಕೇ ಅಮೇರಿಕಾದ ಮಂದಿ ಅದನ್ನ ಫ್ಲ್ಯಾಶ್‌ಲೈಟ್ ಅಂದರು.

ಎವರೆಡಿ ಕಂಪನಿ ಇಂಡಿಯಾದಾಗ ನೋಂದಣಿ ಆದದ್ದು 1934ರಾಗ. 1939ರಾಗ ಕಲ್ಕತ್ತಾದಾಗ ಸೆಲ್ ಮಾಡೋ ಕಾರ್ಖಾನಿ ಬಂತು, 1958ರಾಗ ಲಖನೌದಾಗ ಬ್ಯಾಟ್ರಿ ಮಾಡೋ ಕಾರ್ಖಾನಿ. ಅಂಕಿ 9ರೊಳಗಿಂದ ಜಿಗಿಯೋ ಬೆಕ್ಕಿನ ಚಿತ್ರ ನೋಡದ ಮನಿ ಇರಲಿಲ್ಲ ಅನ್ನಬಹುದು. ಆ ಕಂಪನಿಗೆ ಮುಂದ ಯೂನಿಯನ್ ಕಾರ್ಬೈಡ್ ಇಂಡಿಯಾ ಅಂತ ಹೆಸರಾತು. 1984ರ ಡಿಸೆಂಬರ್‌ದಾಗ ಭೋಪಾಳದ ಗ್ಯಾಸಿನ ಸುದ್ದಿ ನಾವು ರೇಡಿಯೋದಾಗ ಕೇಳಿದಾಗ, ಆ ರೇಡಿಯೋದಾಗ ಇದ್ದದ್ದೂ ಅದೇ ಕಂಪನಿ ಸೆಲ್ ಅಂತ ನನಗ ಭಾಳ ವರ್ಷ ಆದ ಮ್ಯಾಲ ತಿಳೀತು.

ಸೆಲ್ ಅಂದ್ರ ಆಗ ರೊಕ್ಕದ ಮಾತು. ಮುತ್ಯಾ ಮಂದ ಆದ ಸೆಲ್ ತೆಗೆದು ಮಾಳಿಗಿ ಮ್ಯಾಲ ಬಿಸಿಲಿಗೆ ಇಡತಿದ್ದ. ಬಿಸಿ ಆದ್ರ ಒಳಗಿನ ರಸಾಯನ ಜರಾ ಚುರುಕಾಗಿ, ಎರಡು ರಾತ್ರಿ ಹೆಚ್ಚಿಗಿ ನಡೀತಿತ್ತು. ಪೂರಾ ಸತ್ತ ಸೆಲ್ ನಮ್ಮ ಪಾಲಿಗೆ. ಕಲ್ಲಿಂದ ಒಡೆದು ನಡುವಿನ ಕರಿ ಕಡ್ಡಿ ತೆಗೆದು ಗ್ವಾಡಿ ಮ್ಯಾಲ ಬರೀತಿದ್ವಿ. ಹೊಲದ ಹಾದ್ಯಾಗ ಮುತ್ಯಾ ಬ್ಯಾಟ್ರಿ ಒತ್ತಿ, ಹತ್ತು ಹೆಜ್ಜಿ ಹಾದಿ ಮನಸಿನ್ಯಾಗ ಹಿಡಕೊಂಡು, ಆರಿಸಿ ನಡೀತಿದ್ದ. ಮನಿ ಮಂದಿಗೆಲ್ಲಾ ಅದನ್ನೇ ಕಲಿಸಿದ್ದ. "ಸೆಲ್ ಉಳಿಸ್ರಿ" ಅನ್ನೋದು ನಮ್ಮ ಮನ್ಯಾಗ "ಅನ್ನ ಚೆಲ್ಲಬ್ಯಾಡ್ರಿ" ಅಂದಂಗ ಇತ್ತು.

1979ರ ಶ್ರಾವಣ. ಹೆಸರು ಕಾಯಿ ಹಿಡಿದಿತ್ತು, ಹಂದಿ ಕಾಟ ಇತ್ತು. ನಮ್ಮ ಸಣ್ಣ ಕಾಕಾ ಉಂಡು ಹೊಲ ಕಾಯಲಿಕ್ಕೆ ಹೋದ. ಬದುವಿನ ಮ್ಯಾಲ ಹಾವು ಕಡೀತು. ಎತ್ತಿನ ಬಂಡ್ಯಾಗ ಹಾಕಿಕೊಂಡು ಆಳಂದ ಹಾದಿ ಹಿಡಿದರು, ದವಾಖಾನಿ ಮುಟ್ಟಲಿಲ್ಲ. ಮರುದಿನ ಅಪ್ಪ ಬದುವಿನ ಹುಲ್ಲಿನ್ಯಾಗ ಬಿದ್ದಿದ್ದ ಬ್ಯಾಟ್ರಿ ತಂದ. ಬಟನ್ ಮುಚ್ಚಿತ್ತು. ಮುತ್ಯಾ ಒತ್ತಿ ನೋಡಿದ. ಚಲೋ ಹತ್ತಿತು. ಅವತ್ತಿಂದ ಸಾಯೋತನಕ ಮುತ್ಯಾ ಸೆಲ್ ಬಿಸಿಲಿಗೆ ಇಟ್ಟದ್ದು ನಾ ನೋಡಲಿಲ್ಲ.

ಕಾಕಾನ ಸಾವು ನಮ್ಮೊಬ್ಬರ ಮನಿದಲ್ಲ. ನಮ್ಮ ದೇಶದಾಗ 2000ದಿಂದ 2019ರ ತನಕ ಹಾವು ಕಡಿದು ವರ್ಷಕ್ಕ ಸುಮಾರು 58,000 ಮಂದಿ ಸತ್ತಾರ ಅಂತ ಸಂಶೋಧಕರು ಲೆಕ್ಕ ಹಾಕ್ಯಾರ. ಅದರಾಗ ಬಹಳ ಮಂದಿ ಹಳ್ಳಿಯವರು.

ಸೆಲ್ ಉಳಿಸೋ ಚಿಂತಿ ಕಳೆದದ್ದು ಎಲ್‌ಇಡಿ. ಹಳೇ ತಂತಿ ಬಲ್ಬ್ ತಿಂದ ಕರೆಂಟಿನ್ಯಾಗ 100ಕ್ಕ 90 ಪಾಲಿಗಿಂತ ಹೆಚ್ಚು ಬರೇ ಕಾವಾಗಿ ಹೋಗ್ತಿತ್ತು. ಕೆಂಪು ಎಲ್‌ಇಡಿ 1962ರಾಗೇ ಬಂದಿತ್ತು, ಆದ್ರ ಕೆಂಪು ಬೆಳಕಿನ್ಯಾಗ ಹಾದಿ ನೋಡಲಿಕ್ಕೆ ಆಗ್ತದೇನು? ಜಪಾನಿನ ನಿಚಿಯಾ ಕಂಪನ್ಯಾಗ ಶುಜಿ ನಾಕಾಮುರಾ 1993ರಾಗ ಪ್ರಖರ ನೀಲಿ ಎಲ್‌ಇಡಿ ಮಾಡಿದ. ಅದರ ಮ್ಯಾಲ ಹಳದಿ ಪುಡಿ ಲೇಪ ಕೊಟ್ಟು, 1996ರಾಗ ಬಿಳಿ ಬೆಳಕು ತೆಗೆದರು. ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಾಕಾಮುರಾ ಮೂರೂ ಮಂದಿಗೆ 2014ರಾಗ ನೊಬೆಲ್ ಬಂತು. ಮುತ್ಯಾ ಇದ್ದಿದ್ರ ಅವರಿಗೆ ಹೋಳಿಗಿ ಊಟ ಹಾಕ್ತಿದ್ದ.

ಎರಡನೇ ಬ್ಯಾಟ್ರಿ ಅಫಜಲಪುರದ್ದು. ಸಂತಿಯೊಳಗ ತಂದ ಪ್ಲಾಸ್ಟಿಕ್ಕಿನ ಚಾರ್ಜಿಂಗ್ ಬ್ಯಾಟ್ರಿ, ಎಲ್‌ಇಡಿ ಇದ್ದದ್ದು. ಬೆಳಕು ಹಗಲಿನಂಗ. ಸೆಲ್ ಕೊಳ್ಳೋದೇ ಬ್ಯಾಡ ಅಂತ ಖುಷಿ ಪಟ್ಟಿವಿ. 2020ರ ಅಕ್ಟೋಬರ್‌ದಾಗ ಭೀಮಾ ತುಂಬಿ ಬಂತು. ಮ್ಯಾಲ ಮಹಾರಾಷ್ಟ್ರದ ಡ್ಯಾಮಿನಿಂದ ನೀರು ಬಿಟ್ಟಿದ್ರು, ಇಲ್ಲಿ ಸೊನ್ನ ಬ್ಯಾರೇಜಿನಿಂದ ಬಿಟ್ಟರು, ಮ್ಯಾಲಿಂದ ಮಳಿ ಬ್ಯಾರೆ. ಕರೆಂಟ್ ಹೋಗಿತ್ತು. ರಾತ್ರಿ ದನದ ಕೊಟಗಿಗೆ ನೀರು ಬಂತು ಅಂತ ಮನೆಯವರು ಬ್ಯಾಟ್ರಿ ಹಿಡಕೊಂಡು ಹಗ್ಗ ಬಿಚ್ಚಲಿಕ್ಕೆ ಹೋದರು. ಐದು ನಿಮಿಷಕ್ಕ ಬೆಳಕು ಕೆಂಪಗಾಗದೇ, ಮಂದ ಆಗದೇ, ಒಮ್ಮಿಗೇ ಹೋತು. ಕೈಗೆ ಸಿಕ್ಕ ಹಗ್ಗ ಬಿಚ್ಚಿದರು. ಕಣಿಕಿ ಬಣಿವಿ ಹಿಂದ ಕಟ್ಟಿದ್ದ ಎಮ್ಮಿ ಕರ ಕಾಣಲಿಲ್ಲ. ಬೆಳಗಾದ ಮ್ಯಾಲ ಕಂಡಿತು.

ತಪ್ಪು ಯಾರದು? ಅರ್ಧ ನಂದು. ಆ ಬ್ಯಾಟ್ರಿ ಆರು ತಿಂಗಳು ಹಲಗಿ ಮ್ಯಾಲ ಹಂಗೇ ಕುಂತಿತ್ತು. ಆಮ್ಯಾಲ ಮಗ ಬಿಚ್ಚಿ ತೋರಿಸಿದ: ಒಳಗ ಮೋಟರ್ ಸೈಕಲ್ಲಿನ ಬ್ಯಾಟ್ರಿ ಜಾತಿದೇ ಸಣ್ಣ ಸೀಸದ ಡಬ್ಬಿ, 4 ವೋಲ್ಟಿಂದು. ಸೀಸದ ಬ್ಯಾಟ್ರಿ ಖಾಲಿ ಇಟ್ಟರ ಅದರ ತಗಡಿನ ಮ್ಯಾಲ ಸಲ್ಫೇಟಿನ ಗಟ್ಟಿ ಪದರು ಕೂಡ್ತದ. ಆಮ್ಯಾಲ ಎಷ್ಟು ಚಾರ್ಜ್ ಹಚ್ಚಿದ್ರೂ ಲೈಟ್ ತೋರಿಸ್ತದ, ದಮ್ ಇರಂಗಿಲ್ಲ. ಇನ್ನ ಉಳಿದ ಅರ್ಧ ತಪ್ಪು ಅದರ ಮೈದು. ಅಂಟು ಹಚ್ಚಿ ಮುಚ್ಚಿದ್ದು. ಬಿಚ್ಚಲಿಕ್ಕೆ ಮಗ ಅದನ್ನ ಮುರಿಯಬೇಕಾತು.

ಮೂರನೇದ್ದು ಜೇವರ್ಗಿಗೆ ಕೊಟ್ಟದ್ದು. ಅಳಿಯಂದು ಭೀಮಾ ದಂಡಿ ಹೊಲ. ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟ್ ಬಂದ್ರ ರಾತ್ರೀನೇ ನೀರು ಬಿಡಬೇಕು. "ಅತ್ತಿ, ಯಾಕ ಸುಮ್ಮ ಖರ್ಚು" ಅಂದ. ನಾ ಕೇಳಲಿಲ್ಲ. ಕಲಬುರಗಿ ಅಂಗಡ್ಯಾಗ ನಿಂತು ಹಿಂಗ ನೋಡಿ ತಗೊಂಡೆ.

ಮೊದಲ, ಬಿಚ್ಚಲಿಕ್ಕೆ ಬರಬೇಕು. ಹಿಂದಿನ ಮುಚ್ಚಳ ತಿರುವಿ ಸೆಲ್ ಹೊರಗ ತೆಗೀಲಿಕ್ಕೆ ಬಂದ್ರ ಅರ್ಧ ಪರೀಕ್ಷಾ ಪಾಸ್. ಈಗಿನವಕ್ಕ ಲಿಥಿಯಂ ಸೆಲ್. 18650 ಅಂತ ಬರೆದಿರ್ತದ. ಅಂದ್ರ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದು ಮುದುಕಾದ್ರ ಅದನ್ನಷ್ಟೇ ಬದಲಿ ಮಾಡಬಹುದು, ಬ್ಯಾಟ್ರಿ ಒಗೀಬೇಕಿಲ್ಲ. ಎರಡನೇದು, ಅಲ್ಯೂಮಿನಿಯಂ ಮೈ, ಮರಿ ಇದ್ದಲ್ಲಿ ರಬ್ಬರ್ ಬಳಿ. ಡಬ್ಬಿ ಮ್ಯಾಲ ಐಪಿ67 ಅಂತ ಇದ್ರ ಧೂಳು ಹೋಗಂಗಿಲ್ಲ, 1 ಮೀಟರ್ ನೀರಾಗ 30 ನಿಮಿಷ ತಡೀತದ ಅಂತ ಅರ್ಥ. ಮೂರನೇದು, ಸಾವಿರಾರು ಲುಮೆನ್ ಅಂತ ಬರೆದದ್ದಕ್ಕ ಮರುಳಾಗಬ್ಯಾಡ್ರಿ. ದೂರದ ಗಿಡದ ತುದಿ ಕಂಡು ಕಾಲ ಬುಡ ಕಾಣದಿದ್ರ ಏನು ಬಂತು? ಅಗಲ ಬೆಳಕು ಬೇಕು, ಸಣ್ಣ ಬೆಳಕಿನ ಹಂತಾನೂ ಬೇಕು. ಅದರ ಮ್ಯಾಲ ರಾತ್ರಿ ಪೂರಾ ನಡೀತದ.

ಇನ್ನ ಜೋಪಾನದ ಮಾತು. ಅಮಾಸಿಗೆ ದೇವರ ಸಮಯ ಬೆಳಗತೀವಲ್ಲ, ಅವತ್ತೇ ನಾ ಬ್ಯಾಟ್ರಿನೂ ಇಳಿಸ್ತೀನಿ. ಬಿಚ್ಚಿ, ಮರಿಯಾಗಿನ ಮಣ್ಣು ಒಣ ಅರಿವಿಂದ ಒರೆಸಿ, ರಬ್ಬರ್ ಬಳಿಗೆ ಒಂದು ಚೂರು ಸಿಲಿಕಾನ್ ಗ್ರೀಸ್ ಹಚ್ತೀನಿ. ಸೀಮಿಎಣ್ಣಿ, ಗಾಡಿ ಗ್ರೀಸ್ ಹಚ್ಚಬ್ಯಾಡ್ರಿ, ರಬ್ಬರ್ ಉಬ್ಬತದ. ಸೀಸದ್ದಿದ್ರ ಅವತ್ತು ಪೂರಾ ಚಾರ್ಜ್ ಮಾಡ್ರಿ. ಲಿಥಿಯಂ ಸೆಲ್ ನಮ್ಮ ಬ್ಯಾಸಿಗಿ ಬಿಸಿಲಿಗೆ, ಟ್ರ್ಯಾಕ್ಟರ್ ಮ್ಯಾಲ ಬಿಟ್ಟು ಬರಬ್ಯಾಡ್ರಿ. ಉಬ್ಬಿದ್ದು ಕಂಡ್ರ ಮತ್ತ ಚಾರ್ಜಿಗೆ ಹಚ್ಚಲೇಬ್ಯಾಡ್ರಿ. ಹಳೇ ನಮೂನಿ ಸೆಲ್ ಆದ್ರ ಹೊಸಾದು ಹಳೇದು ಕೂಡಿಸಿ ಹಾಕಬ್ಯಾಡ್ರಿ. ಬಳಸದಿದ್ರ ಹೊರಗ ತೆಗೆದಿಡ್ರಿ, ಯಾಕಂದ್ರ ಅದರ ಸತುವಿನ ಡಬ್ಬಿನೇ ಕರಗಿ ಕರೆಂಟ್ ಆಗ್ತದ. ತೂತು ಬಿದ್ದು ಸೋರಿದ್ರ ಸ್ಪ್ರಿಂಗ್ ತಿಂದು ಹಾಕ್ತದ. ಮತ್ತ ಒಂದೇ ಜಾಗಾ, ಬಾಗಲ ಹಂತೇಕ ಒಂದು ಮಳಿ. ಹುಡುಕಲಿಕ್ಕೆ ಇನ್ನೊಂದು ಬ್ಯಾಟ್ರಿ ಬೇಕಾಗಬಾರದು.

ಮುತ್ಯಾನ ಬ್ಯಾಟ್ರಿ ಈಗ ನನ್ನ ಹಂತೇಕ ಅದ. ಮಗ ಅದರಾಗ ಎಲ್‌ಇಡಿ ಬಲ್ಬ್ ಕೂಡಿಸ್ಯಾನ. ಮೈ ಅದೇ, ಬಟನ್ ಅದೇ. ಮುರೀಲಿಲ್ಲ, ಸುಮ್ಮ ಬಿಚ್ಚಿ ಬದಲಿ ಮಾಡಿದ.

ಅಮಾಸಿ ಸಂಜಿಕ ಜೇವರ್ಗಿಗೆ ಫೋನ್ ಹಚ್ತೀನಿ. ಅಳಿಯ ಎತ್ತಿದ ಕೂಡಲೇ ತಾನೇ ಅಂತಾನ, "ಹಚ್ಚೀನಿ ಅತ್ತಿ, ಚಾರ್ಜಿಗೆ ಹಚ್ಚೀನಿ." ನಾ ಮತ್ತೊಂದು ಮಾತು ಕೇಳ್ತೀನಿ, "ಹಾದ್ಯಾಗ ಆರಸಂಗಿಲ್ಲ ಹೌದಲ್ಲ?" ಅವಗ ಕಾಕಾನ ಕಥಿ ಗೊತ್ತದ. "ಆರಸಂಗಿಲ್ಲರಿ" ಅಂತಾನ.