ಹೊಂಬಾಳೆಯ ಹನಿಯೂ ಕಳ್ಳಸಾಗಣೆಯ ಕಥೆಗಳೂ

ಅಮೆರಿಕದಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಮದ್ಯದ ತಯಾರಿಕೆಗೂ ಮಾರಾಟಕ್ಕೂ ಸಂವಿಧಾನವೇ ನಿಷೇಧ ಹೇರಿತ್ತು. ಬಲಿಪೂಜೆಗೆ ಬೇಕಾದ ದ್ರಾಕ್ಷಾರಸಕ್ಕೆ ಕಾಯಿದೆಯಲ್ಲಿ ವಿನಾಯಿತಿ ಇತ್ತು. ಆ ವಿನಾಯಿತಿಯನ್ನೂ ದುರುಪಯೋಗಪಡಿಸಿಕೊಂಡವರಿದ್ದರೆಂಬುದು ಬೇರೆ ಮಾತು. ಕುಡಿತದ ಚಟ ಮಾತ್ರ ಕಾಯಿದೆಗೆ ಮಣಿಯಲಿಲ್ಲ. ಮದ್ಯದ ವ್ಯಾಪಾರವೆಲ್ಲ ಷಿಕಾಗೋದ ಅಲ್ ಕಪೋನನಂಥವರ ಕೈಸೇರಿತು. ಕೊನೆಗೆ 1931ರಲ್ಲಿ ಅವನಿಗೆ ಶಿಕ್ಷೆಯಾದದ್ದು ವರಮಾನ ತೆರಿಗೆಯ ವಂಚನೆಗಾಗಿ.

ಆ ದಿನಗಳ ಗರ್ಭದಿಂದ ಹೊಸ ಬಗೆಯ ಕಾದಂಬರಿಯೊಂದು ಹುಟ್ಟಿತು. ಬರ್ನೆಟ್‌ನ ‘ಲಿಟ್ಲ್ ಸೀಸರ್’, ಡ್ಯಾಶಿಯಲ್ ಹ್ಯಾಮೆಟ್‌ನ ‘ರೆಡ್ ಹಾರ್ವೆಸ್ಟ್’ ಇವೆರಡೂ 1929ರಲ್ಲಿ ಪ್ರಕಟವಾದವು. ಹ್ಯಾಮೆಟ್ ಸ್ವತಃ ಖಾಸಗಿ ಪತ್ತೇದಾರಿ ಸಂಸ್ಥೆಯೊಂದರಲ್ಲಿ ದುಡಿದವನು. ಅವನು ಚಿತ್ರಿಸಿದ ಗಣಿಪಟ್ಟಣದಲ್ಲಿ ಪೊಲೀಸ್ ಮುಖ್ಯಸ್ಥನೂ ಕಳ್ಳಸಾಗಣೆದಾರರೂ ಒಳಗೊಳಗೇ ಕೈಜೋಡಿಸಿದವರು. ಇಂಥ ಕಥೆಗಳಲ್ಲಿ ದರೋಡೆಕೋರನ ಬಂದೂಕು ಹೊಳೆಯುತ್ತದೆ. ಕುಡುಕನ ಮನೆಯ ಒಲೆ ಕಾಣುವುದಿಲ್ಲ.

ನಮ್ಮಲ್ಲಿಯೂ ಪಾನನಿಷೇಧವಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಒಂದು ತಲೆಮಾರೇ ನಿದ್ದೆಗೆಟ್ಟು ಓದಿತು. ಆದರೂ ಹೆಂಡದ ದೊರೆಯೊಬ್ಬ ಕಪೋನನಂತೆ ನಮ್ಮ ಕಥೆಗಳನ್ನು ಆಳಲಿಲ್ಲ. ಏಕೆಂಬುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲಿ ನಿಂತವರಿಗೆ ಹೊಳೆಯುತ್ತದೆ. ಇಲ್ಲಿ ಅದು ರಾತ್ರಿಯ ಹಡಗಿನಲ್ಲಿ ಬಂದಿಳಿಯಬೇಕಾಗಿಲ್ಲ. ಮರದ ನೆತ್ತಿಯಲ್ಲೇ ಇದೆ.

ತೆಂಗಿನಕಾಯಿ ಅಟ್ಟ ಸೇರಿ, ಒಳಗಿನ ನೀರು ಬತ್ತಿ, ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಕಾಯಬೇಕು. ತಿಪಟೂರಿನ ಮಾರುಕಟ್ಟೆಯ ಹೆಸರು ನಿಂತಿರುವುದು ಈ ತಾಳ್ಮೆಯ ಮೇಲೆ. ಅದೇ ಮರದ ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ತುದಿ ಸವರಿದರೆ ಒಸರುವ ನೀರಾ ನಸುಕಿನಲ್ಲಿ ಜೇನಿನಂತೆ ಸಿಹಿ. ಮಡಕೆಗೆ ಸುಣ್ಣ ಬಳಿಯದೆ, ತಂಪಿನಲ್ಲಿಡದೆ ಬಿಟ್ಟರೆ ಬಿಸಿಲೇರುವಷ್ಟರಲ್ಲಿ ಹುಳಿತು ಹೆಂಡವಾಗುತ್ತದೆ. ಭಟ್ಟಿ ಬೇಡ, ಬೆಂಕಿ ಬೇಡ. ಹೊತ್ತು ಸರಿದರೆ ಸಾಕು. ಹೀಗಾಗಿ ಕಾಯಿದೆಯ ಸಂಶಯ ಮನುಷ್ಯನನ್ನು ದಾಟಿ ಮರದ ಮೇಲೆಯೇ ಬಿದ್ದಿತು.

ಸ್ವಾತಂತ್ರ್ಯ ಹೋರಾಟಗಾರರೂ ಮರದ ಮೇಲೆಯೇ ಕೊಡಲಿ ಎತ್ತಿದರು. ನೆರೆಯ ತಮಿಳುನಾಡಿನಲ್ಲಿ ಪೆರಿಯಾರ್ ಅವರು ಕಾಂಗ್ರೆಸ್ಸಿನಲ್ಲಿದ್ದಾಗ ತಮ್ಮದೇ ತೋಟದ 500 ತೆಂಗಿನ ಮರಗಳನ್ನು ಕಡಿಸಿದರೆಂಬುದು ಪ್ರಸಿದ್ಧ. ತಿಪಟೂರು ಸೀಮೆಯ ರೈತ ಇದನ್ನು ಕೇಳಿದರೆ ಎದೆ ಹಿಡಿದುಕೊಂಡಾನು. ಮೈಸೂರು ಸಂಸ್ಥಾನದಲ್ಲಿ ಹೆಂಡ ಹೆಚ್ಚಾಗಿ ಇಳಿಯುತ್ತಿದ್ದುದು ಈಚಲಿನಿಂದ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲ ಮರ ಕಡಿಯುವ ಸತ್ಯಾಗ್ರಹ ನಡೆದು, ಎಸ್. ನಿಜಲಿಂಗಪ್ಪನವರು ಸೆರೆಮನೆ ಕಂಡರು. ಮುಂದೆ ರಾಜ್ಯದ ಹಲವು ಭಾಗಗಳಲ್ಲಿದ್ದ ಪಾನನಿಷೇಧವನ್ನು 1967ರಲ್ಲಿ ಕೈಬಿಟ್ಟಾಗ ಮುಖ್ಯಮಂತ್ರಿಯಾಗಿದ್ದವರೂ ಅವರೇ. ಇಂಥ ತಿರುವನ್ನು ಯಾವ ಪತ್ತೇದಾರಿ ಕಾದಂಬರಿಕಾರ ಕಲ್ಪಿಸಿಯಾನು?

ನಿಷೇಧವನ್ನು ಬೇಡಿದವರನ್ನು ಹಗುರಾಗಿ ಕಾಣುವುದು ಸಲ್ಲದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಆಗ ಪಾನನಿಷೇಧವಿರಲಿಲ್ಲ ಎಂಬುದನ್ನೂ ನೆನೆಯಬೇಕು. ಸಾರಾಯಿಯಿಂದ ಬೀದಿಗೆ ಬಿದ್ದ ಸಂಸಾರಗಳ ಹೆಂಗಸರು ದನಿಯೆತ್ತಿದ್ದು ನ್ಯಾಯವೇ ಆಗಿತ್ತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದಕ್ಕೂ ಮೊದಲೇ, 2004ರಲ್ಲಿ, ಕರಾವಳಿಯ ಜಿಲ್ಲೆಗಳನ್ನುಳಿದು ಸೇಂದಿಯನ್ನು ನಿಲ್ಲಿಸಲಾಗಿತ್ತು.

ಆದರೆ ನೀರಾ? 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ಬಹುಬೇಗ ನಮ್ಮ ತೋಟಗಳಿಗೂ ಹಬ್ಬಿತು. ಕಾಯಿ ಮುರುಟಿತು, ಕೊಬ್ಬರಿ ಸೊರಗಿತು. ಕಾಯಿ ಕೈಕೊಟ್ಟ ಮರದಿಂದ ನೀರಾ ಇಳಿಸಲು ಬಿಡಿ ಎಂದು ರೈತರು ಕೇಳಿದರು. ಹೆಂಡವಾದೀತು ಎಂಬ ಭಯ ಸರ್ಕಾರದ್ದು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಚಳವಳಿಯ ರೈತರ ಮೇಲೆ ಪೊಲೀಸರ ಗುಂಡು ಹಾರಿತು, ಇಬ್ಬರು ಸತ್ತರು. ಷಿಕಾಗೋದಲ್ಲಿ ರಕ್ತ ಹರಿದದ್ದು ವಿಸ್ಕಿಗಾಗಿ. ಇಲ್ಲಿ ಹರಿದದ್ದು ಇನ್ನೂ ಮದ್ಯವಾಗದ ಸಿಹಿನೀರಿಗಾಗಿ. ಸತ್ತವರು ಯಾವ ಗುಂಪಿನ ನಾಯಕರೂ ಅಲ್ಲ, ಬೇಸಾಯಗಾರರು.

ನೀರಾ ಇಳಿಸಲು ಸರ್ಕಾರ ಒಪ್ಪಿ ನಿಯಮ ರೂಪಿಸಿದ್ದು 2016-17ರ ಹೊತ್ತಿಗೆ, ಅದೂ ಪರವಾನಗಿಯ ಕಟ್ಟುಪಾಡಿನೊಳಗೆ. ಅಷ್ಟರಲ್ಲಿ ನಸುಕಿನಲ್ಲಿ ಮರವೇರಿ ಹೊಂಬಾಳೆ ಸವರಬಲ್ಲ ನುರಿತ ಕೈಗಳೇ ನಮ್ಮ ಊರುಗಳಲ್ಲಿ ವಿರಳವಾಗಿದ್ದವು.