ಆ ಎಂಟು ಬೇರೆ, ಈ ಎಂಟು ಬೇರೆ

ನಡುಮನೆಯ ಉಯ್ಯಾಲೆಯ ಬೋಲ್ಟುಗಳು ಸವೆದಿದ್ದವು. ಮೊಮ್ಮಗಳು ಕೂರುವ ಉಯ್ಯಾಲೆ. ಹೊಸದಾಗಿ ಎರಡು ಮಾಡಿಸೋಣವೆಂದು ಲೇತ್ ಅಂಗಡಿಗೆ ಹೋದೆ. "ಎಂ.ಎಸ್. ಸಾಕಾ ಮೇಡಂ, ಇ.ಎನ್. ಎಂಟು ಹಾಕಲಾ?" ಎಂದರು ಅಂಗಡಿಯವರು. ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದು ಗಟ್ಟಿ ಎಂದು ಎಲ್ಲೋ ಕೇಳಿದ್ದೆ. "ಎಂಟೇ ಇರಲಿ, ಎರಡೂ ಒಂದೇ ತಾನೆ?" ಎಂದೆ. ಅವರು ನಕ್ಕು, "ಆ ಎಂಟು ಬೇರೆ, ಈ ಎಂಟು ಬೇರೆ" ಎಂದರು.

ಚರಿತ್ರೆಯ ಪಾಠ ಹೇಳುವವಳಿಗೆ ಇಷ್ಟು ಸಾಕಾಯಿತು. ಇದರ ಮೂಲ ಹುಡುಕಿದೆ.

ಇ.ಎನ್. ಎಂಬ ಹೆಸರು ಯುದ್ಧದ ಕೂಸು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನವರು, ಬಳಕೆಯಲ್ಲಿದ್ದ ಹತ್ತಾರು ಬಗೆಯ ಉಕ್ಕುಗಳಲ್ಲಿ ಬೇಕಾದವನ್ನಷ್ಟೇ ಆರಿಸಿ ಕ್ರಮಸಂಖ್ಯೆ ಕೊಟ್ಟರು. ಅಲ್ಲಿ ಎಂಟೆಂದರೆ ಹಾಜರಿ ಪುಸ್ತಕದ ಎಂಟನೇ ನಂಬರಿದ್ದಂತೆ. ಅದು ಮಗು ಪಡೆದ ಅಂಕವಲ್ಲ. 1970ರ ದಶಕದಲ್ಲಿ ಅವರೇ ಅದನ್ನು ಬಿಟ್ಟು 080ಎಂ40 ಎಂದು ಕರೆದರು. ಅಮೆರಿಕದಲ್ಲಿ ಅದಕ್ಕೆ ಸಮನಾದದ್ದು 1040, ನಮ್ಮ ದೇಶದ ಮಾನಕದಲ್ಲಿ 40ಸಿ8. ಈ ಮೂರರಲ್ಲೂ ಇರುವ 40, ಉಕ್ಕಿನಲ್ಲಿ ಶೇಕಡಾ 0.40ರಷ್ಟು ಇಂಗಾಲವಿದೆ ಎಂಬುದರ ಗುರುತು. ನಮ್ಮ ಹೆಸರಿನ ಕೊನೆಯ ಎಂಟು ಇನ್ನೂ ಬೇರೆ. ಅದು ಶೇಕಡಾ 0.8ರಷ್ಟು ಮ್ಯಾಂಗನೀಸಿನ ಸೂಚನೆ. ಬ್ರಿಟನ್ ಬಿಟ್ಟ ಹೆಸರು ಮಾತ್ರ ನಮ್ಮ ಲೇತ್ ಅಂಗಡಿಗಳಲ್ಲಿ ಇನ್ನೂ ಬದುಕಿದೆ.

ಬೋಲ್ಟಿನ ತಲೆಯ 8.8 ನಿಜವಾದ ಅಂಕಪಟ್ಟಿ. ಮೊದಲ ಎಂಟನ್ನು ನೂರರಿಂದ ಗುಣಿಸಿದರೆ 800. ಚದರ ಮಿಲಿಮೀಟರಿಗೆ ಅಷ್ಟು ನ್ಯೂಟನ್ ಎಳೆತವನ್ನು ಅದು ಮುರಿಯದೆ ತಾಳಬೇಕು. ಎರಡನೆಯದು ಅದರ ಹತ್ತರಲ್ಲಿ ಎಂಟು ಪಾಲು, ಅಂದರೆ 640. ಅಲ್ಲಿಯವರೆಗೆ ಎಳೆದು ಬಿಟ್ಟರೆ ಬೋಲ್ಟು ಮೊದಲಿನಂತಾಗುತ್ತದೆ, ಮೀರಿದರೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ. ಸಾಧಾರಣ 4.6ರ ಲೆಕ್ಕ 400, 240.

ಹಾಗಾದರೆ ಇ.ಎನ್. ಎಂಟರ ಸರಳಿನಿಂದ 8.8 ಬೋಲ್ಟು ಆಗದೇ? ಸುಮ್ಮನೆ ಕಡೆದರೆ ಆಗದು. ಕೆಂಪಗೆ ಕಾಯಿಸಿ, ಅದ್ದಿ, ಮತ್ತೆ ಮಿತವಾಗಿ ಕಾಯಿಸಿ ಹದ ಮಾಡಬೇಕು. ಹಿಟ್ಟು ಒಂದೇ ಆದರೂ ರೊಟ್ಟಿ ಕೈಹದದ ಮೇಲೆ ತಾನೆ?

ಮರುದಿನ ಹೋಗಿ ಇದನ್ನೆಲ್ಲ ಹೇಳಿದೆ. ಅಂಗಡಿಯವರು ತಮ್ಮ ಕೂಲಿಯ ಯೋಚನೆ ಬಿಟ್ಟು ಹೇಳಿದರು: "ನಾನು ಕಡೆದುಕೊಟ್ಟಿದ್ದನ್ನ ಯಾರೂ ಎಳೆದು ನೋಡಿರಲ್ಲ ಮೇಡಂ. ಪರೀಕ್ಷೆ ಮಾಡದೆ ಮಾರ್ಕ್ಸ್ ಹೇಗೆ ಹಾಕ್ಲಿ? ಮಗು ಕೂರೋ ಜಾಗ, ತಯಾರಕರ ಗುರುತೂ ನಂಬರೂ ಇರೋ ಬೋಲ್ಟೇ ತಗೊಳ್ಳಿ."

ಹಾಗೆಯೇ ತಂದು ಹಾಕಿಸಿದೆ. ಮೊಮ್ಮಗಳು ಜೀಕುವಾಗ ಈಗಲೂ ತಲೆಯೆತ್ತಿ ಆ ಎರಡು ಎಂಟುಗಳನ್ನು ನೋಡಿಕೊಳ್ಳುತ್ತೇನೆ. ಆಗೆಲ್ಲ ನೆನಪಾಗುವುದು ಅಂಕ ಹಾಕಲು ಒಪ್ಪದ ಆ ಮನುಷ್ಯ.